ಸ್ಕೂಟರಿನ ಕೀ ಕಿತ್ತುಕೊಂಡರು

"ಕೀ ಕೊಡಿ ಅಣ್ಣ, ಅಲ್ಲೊಂದು ಹಸು ಕರು ಹಾಕಕ್ಕಾಗದೆ ಒದ್ದಾಡ್ತಿದೆ" ಎಂದು ಪಶುವೈದ್ಯೆ ಬೇಡುತ್ತಿದ್ದರು. ಅವರ ಸ್ಕೂಟರಿನ ಕೀಯನ್ನು ಜೇಬಿಗಿಳಿಸಿದ್ದ ರೈತನೊಬ್ಬ ಜಗ್ಗಲಿಲ್ಲ. "ಮೊದ್ಲು ನಮ್ಮೆಮ್ಮೆ ನೋಡಿ. ಈಗ ಬುಟ್ರೆ ನೀವು ಮತ್ತೆಲ್ಲಿ ಸಿಕ್ಕೀರಿ?" ಎಂದ. ಅವನ ಎಮ್ಮೆ ಬೇವಿನ ಮರದಡಿ ಮಲಗಿ ಆರಾಮಾಗಿ ಮೆಲುಕು ಹಾಕುತ್ತಿತ್ತು.

ಒದ್ದಾಡುತ್ತಿದ್ದ ಹಸು ನಮ್ಮದು. ಫೋನ್ ಮಾಡಿ ಎಷ್ಟು ಕಾದರೂ ಡಾಕ್ಟರು ಬಾರದೆ, ಯಜಮಾನರ ಬೈಕಿನ ಹಿಂದೆ ಕೂತು ನಮ್ಮೂರು ಸೋಸಲೆಯಿಂದ ಹುಡುಕಿಕೊಂಡು ಬಂದಿದ್ದೆ. ನನಗೆ ರೇಗಿಹೋಯಿತು. "ನಿನ್ನೆಂಡ್ತಿ ನೋವು ತಿನ್ನೋವಾಗ್ಲೂ ಡಾಕ್ಟ್ರುನ್ನ ಇಂಗೇ ತಡೀತಿದ್ಯಾ?" ಎಂದು ಕಿರುಚಿದೆ. ಆದರೂ ಅವನು ಕೀ ಕೊಡಲಿಲ್ಲ. ಡಾಕ್ಟರನ್ನು ಯಜಮಾನರ ಜೊತೆ ಬೈಕಿನಲ್ಲಿ ಕಳಿಸಿ, ನಾನು ಬಸ್ಸಿನಲ್ಲಿ ಹಿಂದಿರುಗಿದೆ.

ಮನೆ ತಲುಪುವಷ್ಟರಲ್ಲಿ ಹಸು ಉಳಿದಿತ್ತು, ಕರು ಸತ್ತಿತ್ತು. ಡಾಕ್ಟರು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಮೊಣಕೈವರೆಗಿನ ರಕ್ತವನ್ನೂ ತೊಳೆಯದೆ ಅಳುತ್ತಿದ್ದರು. ಗುತ್ತಿಗೆ ಕೆಲಸ, ನೋಡಿಕೊಳ್ಳಬೇಕಾದದ್ದು ಮೂರು ಆಸ್ಪತ್ರೆ, ಜೊತೆಗೆ ಒಬ್ಬ ಸಹಾಯಕನೂ ಇಲ್ಲ ಎಂದು ಗೊತ್ತಾದದ್ದು ಆಗಲೇ. ಕೆಲವೇ ವಾರಗಳಲ್ಲಿ ಅವರು ಕೆಲಸ ಬಿಟ್ಟು, ಮೈಸೂರಿನಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಕ್ಲಿನಿಕ್ ಸೇರಿದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

"ಓದ್ದೋರು ಅಳ್ಳೀಲಿ ನಿಲ್ಲಲ್ಲ ಕಣವ್ವ" ಎಂದು ಹಾಲಿನ ಡೈರಿಯಲ್ಲಿ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಆ ಹೆಣ್ಣುಮಗಳು ನಿಲ್ಲಲೆಂದೇ ಬಂದಿದ್ದರು. ಮೂರು ಆಸ್ಪತ್ರೆಗೆ ಒಬ್ಬರನ್ನೇ ಓಡಾಡಿಸಿದ ಮೇಲಿನವರೂ, ನಡುದಾರಿಯಲ್ಲಿ ತಡೆದು ನಿಲ್ಲಿಸಿದ ನಾವು ಹಳ್ಳಿಯವರೂ ಸೇರಿ ಅವರನ್ನು ಓಡಿಸಿದೆವು.