ಅಪ್ಪನ ಅಕ್ಷರ, ಅವ್ವನ ಕೌದಿ

ಬೈಕುಲ್ಲಾದ ನಮ್ಮ ಚಾಳಿನ ಹಿಂದಿನ ಸಾಲಿನಲ್ಲಿ ಯಾರ ಮನೆಯಲ್ಲೂ ಫೋಟೋ ಇರಲಿಲ್ಲ. ಹೋದವರ ನೆನಪು, ಇದ್ದವರ ನೆನಪು ಎಲ್ಲ ಕೌದಿಯಲ್ಲೇ. ವಿಜಾಪುರದ ಕಡೆಯಿಂದ ಬಂದ ನಮ್ಮ ಹೆಂಗಸರು ಹಳೆಯ ಬಟ್ಟೆ ಎಸೆದವರಲ್ಲ. ತೊಳೆದು, ಒಣಗಿಸಿ, ಒಂದರ ಮೇಲೊಂದು ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿದು ಹೊದೆಯಲು ಕೌದಿ ಮಾಡುತ್ತಿದ್ದರು. ನಮ್ಮ ಮನೆಯ ಕೌದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ತುಂಡಿತ್ತು, ನನ್ನ ತೊಟ್ಟಿಲಿನ ಬಟ್ಟೆಯಿತ್ತು, ಅಪ್ಪನ ಮದುವೆಯ ರುಮಾಲಿತ್ತು. ಒಂದೊಂದಕ್ಕೂ ಅವ್ವನ ಬಳಿ ಒಂದೊಂದು ಕಥೆ. ಕೇಳಿ ಕೇಳಿ ನನಗೆ ಬೇಸರವಾಗುತ್ತಿತ್ತು. ಈಗ ಯಾರಾದರೂ ಹೇಳಿದರೆ ಸಾಕು ಎನಿಸುತ್ತದೆ.

ಅಪ್ಪ ಜೋಪಾನ ಮಾಡುತ್ತಿದ್ದ ನೆನಪು ಮಾತ್ರ ಗೋಡೆಯ ಮೇಲಿತ್ತು. ಅದೊಂದು ಬ್ಯಾನರು.

ಚಾಳಿನ ಮುಂದೆ ಇದ್ದದ್ದು ಒಂದೇ ನಲ್ಲಿ. ನಮ್ಮ ಸಾಲಿನವರು ಅದನ್ನು ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಮೈಲಿಗೆ. ಕೊಡ ಇಟ್ಟು ದೂರ ನಿಂತಿರಬೇಕು. ಮುಂದಿನ ಸಾಲಿನ ಯಾರಿಗಾದರೂ ಮನಸ್ಸು ಬಂದಾಗ ಮೇಲಿಂದ ಸುರಿಯುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಕಾನೂನೂ ಬಂದಿತ್ತು, ನಮಗೆ ನೀರು ಬಂದಿರಲಿಲ್ಲ. ನನಗಾಗ ಹತ್ತು ವರ್ಷ. ಕೊಡದ ಪಕ್ಕ ಕಾದು ಕಾದು ಎಷ್ಟೋ ದಿನ ಶಾಲೆ ತಪ್ಪಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಸಾಲಿನ ಗಂಡಸರು ಮಿಲ್ಲಿನ ಪಾಳಿ ಬಿಟ್ಟರು. ಹೆಂಗಸರು ಖಾಲಿ ಕೊಡ ಹೊತ್ತರು. ಎಲ್ಲರೂ ಮುನ್ಸಿಪಾಲ್ಟಿಯ ವಾರ್ಡ್ ಆಫೀಸಿಗೆ ನಡೆದೆವು. ಮುಂದೆ ಬ್ಯಾನರು ಹಿಡಿದವನು ನಮ್ಮಪ್ಪ. ಅದರ ಮೇಲೆ ಮರಾಠಿಯಲ್ಲಿ ‘ಪಾಣಿ ಸರ್ವಾಂಚೆ’ ಎಂದಿತ್ತು, ನೀರು ಎಲ್ಲರದು ಎಂದು. ಬರೆದವನೂ ಅವನೇ. ಮಿಲ್ಲಿನ ಹತ್ತಿರದ ಒಂದು ಖೋಲಿಯಲ್ಲಿ ಕೆಲಸಗಾರರಿಗೆ ನಡೆಸುತ್ತಿದ್ದ ಕ್ಲಾಸಿಗೆ ಹೋಗಿ, ಮೂವತ್ತೈದರ ವಯಸ್ಸಿನಲ್ಲಿ ಅಕ್ಷರ ಕಲಿತಿದ್ದ. ಪಾಟಿಯಿಂದ ಹೊರಗೆ ಅವನು ಬರೆದ ಮೊದಲ ಮಾತು ಅದು. ಎರಡನೆಯ ಅಕ್ಷರ ಉಳಿದವಕ್ಕಿಂತ ದಪ್ಪ. ಕೊನೆಯದು ಜಾಗ ಸಾಲದೆ ಮೂಲೆಗೆ ಒತ್ತಿಕೊಂಡಿತ್ತು. ಆಫೀಸಿನ ಗೇಟಿನಲ್ಲಿ ಪೊಲೀಸರ ಲಾಠಿ ಅಪ್ಪನ ಭುಜಕ್ಕೆ ಬಿತ್ತು. ಅವನು ಬ್ಯಾನರು ಕೆಳಗಿಡಲಿಲ್ಲ.

ಕೆಲವು ವಾರಗಳ ನಂತರ ಮುನ್ಸಿಪಾಲ್ಟಿಯವರು ಬಂದು ನಿಂತು ನಮ್ಮ ಕೈಯಿಂದಲೇ ನಲ್ಲಿ ತಿರುಗಿಸಿದರು. ನಾವು ಮುಟ್ಟಿದ ನಲ್ಲಿಯ ನೀರು ಬೇಡವೆಂದು ಮುಂದಿನ ಸಾಲಿನ ಒಂದು ಮನೆಯವರು ಬೊರಿವಲಿಗೆ ಬಿಡಾರ ಕಿತ್ತರು. ಅಲ್ಲಿ ಯಾವ ಗಂಗೆ ಹರಿಯುತ್ತಿದ್ದಳೋ ಗೊತ್ತಿಲ್ಲ.

ಅಪ್ಪ ಬ್ಯಾನರನ್ನು ಒಲೆಯ ಎದುರಿನ ಗೋಡೆಗೆ ಮೊಳೆ ಹೊಡೆದು ಕಟ್ಟಿದ. ಪಾಳಿ ಮುಗಿಸಿ ಬಂದವನೇ ಕೈಕಾಲು ತೊಳೆಯುವ ಮುಂಚೆ ಟವೆಲಿನಿಂದ ಅದರ ಧೂಳು ಹೊಡೆಯುತ್ತಿದ್ದ. ಬಂದವರಿಗೆಲ್ಲ ತೋರಿಸುತ್ತಿದ್ದ.

“ಇದ್ ಹೋತಂದ್ರ ನಾವು ಹೋಗಿದ್ವಿ ಅಂತ ಯಾರ್ ನಂಬತಾರ?” ಎನ್ನುತ್ತಿದ್ದ. “ನಾಳೆ ಮಕ್ಕಳ ಕಣ್ಣಿಗೆ ಕಾಣಬೇಕಲ್ಲ.”

ಯಾರಾದರೂ ಪೇಂಟು ಚೆನ್ನಾಗಿದೆ ಎಂದರೆ ಸುಮ್ಮನೆ ನಗುತ್ತಿದ್ದ. ಅದು ಪೇಂಟಲ್ಲ ಎಂದು ಅವನು ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ.

ಮಳೆಗಾಲ ಬಂತು. ಗೋಡೆ ಒದ್ದೆಯಾಯಿತು. ಬ್ಯಾನರಿಗೆ ಒಲೆಯ ಮಸಿ ಹಿಡಿಯಿತು, ಒಂದು ತುದಿಯನ್ನು ಇಲಿ ಕಡಿಯಿತು. ಹೀಗೇ ಬಿಟ್ಟರೆ ದೀಪಾವಳಿಯವರೆಗೂ ಉಳಿಯುವುದಿಲ್ಲ ಎಂದು ಅವ್ವನಿಗೆ ಚಿಂತೆ ಹತ್ತಿತು. ಅವಳಿಗೆ ಗೊತ್ತಿದ್ದ ಭದ್ರ ಜಾಗ ಒಂದೇ. ಹೊಸ ಕೌದಿಯ ಮೇಲ್ಪದರಕ್ಕೆ ಅದನ್ನೇ ಹಾಕಿ, ಅಪ್ಪನಿಗೆ ಹೇಳದೆ ಹೊಲಿದು ಮುಗಿಸಿ, ಅವನ ಮುಂದೆ ಹಾಸಬೇಕೆಂದು ನಿಶ್ಚಯಿಸಿದಳು. ಆದರೆ ತೊಳೆಯದ ಬಟ್ಟೆಯನ್ನು ನಮ್ಮವರು ಕೌದಿಗೆ ಹಾಕುವುದಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ ಅಪ್ಪ ಪಾಳಿಗೆ ಹೋದ ಮೇಲೆ ಅವ್ವ, ನಾನು ಇಬ್ಬರೂ ನಲ್ಲಿಗೆ ಹೋದೆವು. ಸಾಬೂನು ನನ್ನ ಕೈಯಲ್ಲಿತ್ತು. ಅವ್ವ ನಲ್ಲಿಯನ್ನು ತಾನೇ ತಿರುಗಿಸಿದಳು, ತುಸು ಜಂಬದಿಂದಲೇ. ಬ್ಯಾನರನ್ನು ಧಾರೆಯ ಕೆಳಗೆ ಹಿಡಿದಳು. ಅಕ್ಷರಗಳು ಇಳಿಯತೊಡಗಿದವು. ಕಲ್ಲಿನ ಮೇಲೆ ನೀಲಿ ನೀರು ಹರಿಯಿತು. ಅವ್ವ ಥಟ್ಟನೆ ನಲ್ಲಿ ಮುಚ್ಚಿ, ಬೆರಳು ಮೂಸಿ ನೋಡಿದಳು. ಬಿಳಿ ಬಟ್ಟೆಗೆ ಹಾಕುವ ನೀಲಿ. ಪ್ರತಿ ವಾರ ಅಪ್ಪನ ಧೋತರಕ್ಕೆ ತಾನೇ ಹಾಕುತ್ತಿದ್ದ ನೀಲಿ. ಅಷ್ಟರಲ್ಲಿ ಅಕ್ಷರ ಒಂದೂ ಉಳಿದಿರಲಿಲ್ಲ. ಬಟ್ಟೆಯೆಲ್ಲ ತಿಳಿನೀಲಿಯಾಗಿತ್ತು.

ಅವ್ವ ಅಲ್ಲೇ ಕುಕ್ಕರಿಸಿದಳು. ನನಗೆ ಭಯವಾಯಿತು, ಅವಳ ಮೇಲೆ ಕೆಟ್ಟ ಸಿಟ್ಟೂ ಬಂತು. ತೊಳೆಯುವ ಹುಚ್ಚು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮಧ್ಯಾಹ್ನ ಅಪ್ಪ ಬಂದ. ಟವೆಲು ಹೆಗಲಿಂದ ತೆಗೆದು ಗೋಡೆಯತ್ತ ತಿರುಗಿದ. ಮೊಳೆ ಮಾತ್ರ ಇತ್ತು. ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ ನೋಡಿದ.

“ನಾ ಪೇಂಟ್ ಅಂತ ತಿಳಿದಿದ್ದೆ,” ಎಂದಳು ಅವ್ವ. “ಕೌದ್ಯಾಗ ಇಟ್ರ ಉಳೀತೈತಿ ಅಂತ...”

ಅಪ್ಪ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. “ತಪ್ಪು ನಂದ. ಪೇಂಟಿಗೆ ರೊಕ್ಕ ಇರಲಿಲ್ಲ. ಹೇಳಾಕ ನಾಚಿಕಿ ಆತು,” ಎಂದ. ತಟ್ಟೆಯ ಮುಂದೆ ಕೂತ, ಊಟ ಮಾಡಲಿಲ್ಲ. ಲಾಠಿ ಬಿದ್ದಾಗಲೂ ಅಳದವನು ಅಂದು ಅತ್ತ. ನನಗೆ ನೋಡಲಾಗಲಿಲ್ಲ.

ಸಮಾಧಾನ ಮಾಡುವ ಜಾಣತನ ನನ್ನದು. ಅಕ್ಷರದಲ್ಲಿ ಕ್ಲಾಸಿಗೇ ಮೊದಲಿಗಳು ನಾನು. ಬಟ್ಟೆ ಒಣಗಿದ ಮೇಲೆ ಶಾಲೆಯ ಸೀಮೆಸುಣ್ಣ ತೆಗೆದು ‘ಪಾಣಿ ಸರ್ವಾಂಚೆ’ ಎಂದು ಮುತ್ತು ಪೋಣಿಸಿದ ಹಾಗೆ ಬರೆದೆ. ಅವ್ವ ಇದರ ಮೇಲೆ ದಾರ ಎಳೆದರೆ ಮುಗಿಯಿತು ಎಂದುಕೊಂಡೆ. ಅಪ್ಪ ಚೆನ್ನಾಗಿದೆ ಎಂದು ತಲೆಯಾಡಿಸಿದ.

ಅವ್ವ ಬಗ್ಗಿ ನೋಡಿದಳು. ಅವಳಿಗೆ ಅಕ್ಷರದ ಗಂಧವಿರಲಿಲ್ಲ.

“ಚಂದ ಐತಿ,” ಎಂದಳು. “ಆದ್ರ ಇವು ನಿಮ್ಮಪ್ಪನ ಅಕ್ಷರ ಅಲ್ಲ.”

ನನ್ನ ಮುತ್ತುಗಳನ್ನು ಒದ್ದೆ ಕೈಯಿಂದ ಒರೆಸಿಬಿಟ್ಟಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಸೀಮೆಸುಣ್ಣ ಕಸಿದುಕೊಂಡು ತಾನೇ ಬರೆಯಲು ಕೂತಳು. ಅಷ್ಟು ತಿಂಗಳು ರೊಟ್ಟಿ ತಟ್ಟುತ್ತ ಅವಳು ದಿನಾ ನೋಡಿದ್ದು ಅದನ್ನೇ. ಒಂದೊಂದನ್ನೂ ನಿಧಾನವಾಗಿ, ಚಿತ್ರ ಬಿಡಿಸುವಂತೆ ಎಳೆದಳು. ಎರಡನೆಯದು ದಪ್ಪ. ಕೊನೆಯದಕ್ಕೆ ಬೇಕಾದಷ್ಟು ಜಾಗವಿದ್ದರೂ ಮೂಲೆಗೇ ಒತ್ತಿದಳು. ಅಪ್ಪ ಎದ್ದು ಬಂದು ಅವಳ ಹಿಂದೆ ನಿಂತ. ಅವನ ಉಸಿರು ನನಗೆ ಕೇಳುತ್ತಿತ್ತು.

ಹೊಲಿಯಲು ಹದಿನೈದು ದಿನ ಹಿಡಿಯಿತು. ಆ ಕೌದಿ ಈಗ ಚೆಂಬೂರಿನಲ್ಲಿ ನನ್ನ ಮನೆಯಲ್ಲಿದೆ. ಗಾಜಿನ ಪೆಟ್ಟಿಗೆಯಲ್ಲಿಡು ಎಂದು ಮೊಮ್ಮಕ್ಕಳು ಹೇಳುತ್ತಾರೆ. ನಾನು ಕೇಳುವುದಿಲ್ಲ, ಚಳಿಯಾದರೆ ಹೊದೆಯುತ್ತೇನೆ.

ಕೊನೆಯ ಹೊಲಿಗೆಯ ದಿನ ಭಾನುವಾರ. ಅವ್ವ ದಾರ ಕಡಿದು, ಕೌದಿಯನ್ನು ಅಪ್ಪನ ತೊಡೆಯ ಮೇಲೆ ಹಾಸಿದಳು.

“ಅರ್ಥ ಗೊತ್ತೈತಿ ನನಗ,” ಎಂದಳು. “ಯಾವುದು ಏನಂತ ಗೊತ್ತಿಲ್ಲ. ಓದಾಕ ಕಲಸ್ರಿ.”

ಅಪ್ಪ ಅವಳ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟ. “ಪಾ,” ಎಂದ. ಅವ್ವ ನನ್ನ ಕಡೆ ಒಮ್ಮೆ ನೋಡಿ, ನಾಚಿಕೊಂಡು, “ಪಾ,” ಎಂದಳು.