ಗೆಳೆಯ ಕೊಟ್ಟ ದಾರ ಅಳೆದದ್ದು

ಬಳ್ಳಾರ್ಯಾಗ ನಂದು ಜೀನ್ಸ್ ಬಟ್ಟಿ ಅಂಗಡಿ ಐತಿ. ಹೊಲಿಯೋರಿಗೆ ಥಾನುಗಟ್ಟಲೆ ಬಟ್ಟಿ, ದಾರದ ಕೋನು ಮಾರತೀನಿ. ಮೂವತ್ತು ವರ್ಷದಿಂದ ಅಂಗಡಿಗೆ ಬಂದ ಒಂದೊಂದು ಥಾನನ್ನೂ ಬಿಚ್ಚಿ, ಮೇಜಿನ ಮ್ಯಾಲೆ ಹಾಸಿ, ಗಜಕೋಲು ಹಿಡದು ಅಳದ ಮ್ಯಾಲೇ ಒಳಗ ಇಟ್ಟೀನಿ. ಚೀಟಿ ಮ್ಯಾಲೆ ಬರದದ್ದನ್ನ ನಂಬೋದು ನನ್ನ ಜಾಯಮಾನದಾಗ ಇಲ್ಲ. ಪೆಟ್ರೋಲ್ ಬಂಕಿನಾಗ ಗಾಡಿಯಿಂದ ಇಳದು ಸೊನ್ನಿ ನೋಡತೀನಿ. ಗ್ಯಾಸ್ ಸಿಲಿಂಡರ್ ಎತ್ತಿ ಅಲ್ಲಾಡಸತೀನಿ. ಒಗ್ಗರಣಿ ಜೋಡಿ ಕಟ್ಟಿಸಿಕೊಂಡ ಮಿರ್ಚಿನ ಹೋಟೆಲ್ ಬಾಗಲದಾಗೇ ಪೊಟ್ಟಣ ಬಿಚ್ಚಿ ಎಣಸತೀನಿ. "ನಿಮಗ ನಿಮ್ಮ ನೆಳ್ಳಿನ ಮ್ಯಾಲೂ ಅನುಮಾನ" ಅಂತಾಳ ನಮ್ಮಾಕಿ. ಅನ್ನಲಿ. ಮೋಸ ಹೋದೋರ ಮುಂದ ಹೋಗಿ ಈ ಮಾತು ಹೇಳಲಿ, ನೋಡೋಣು.

ಇಂಥಾ ನನಗೂ ಒಬ್ಬ ಗೆಳ್ಯಾ. ಇದ್ದ ಅನ್ನಲೋ, ಅದಾನ ಅನ್ನಲೋ, ಇದನ್ನ ಬರಿಯೋ ಹೊತ್ತಿಗೂ ನನಗ ತಿಳೀವಲ್ದು.

ಕುರುಗೋಡ ಸಾಲ್ಯಾಗ ನಾವಿಬ್ಬರೂ ಒಂದೇ ಬೆಂಚು. ಅಂವ ಡ್ರಾಯಿಂಗ್ ಮಾಸ್ತರ ಆಗಿ ಸಿರುಗುಪ್ಪಕ್ಕ ಹೋದ, ರಿಟೈರ್ ಆದ ಮ್ಯಾಲೆ ಅಲ್ಲೇ ಮನಿ ಕಟ್ಟಿಸಿದ. ನಾ ಅವನ್ನ ಮಾಸ್ತರ ಅಂತೀನಿ, ಅಂವ ನನ್ನ ಸಾವ್ಕಾರ ಅಂತ ಛೇಡಸತಾನ. ಅವನ ಹುಚ್ಚು ಒಂದೇ. ತುಂಗಭದ್ರಾ ದಂಡಿಗೆ ನಿಂತು, ಉದ್ದನ ಕೋಲಿನಿಂದ, ಗಾಳಕ್ಕ ಪುಕ್ಕ ಸುತ್ತಿ ಮಾಡಿದ ಹುಸಿ ನೊಣ ಬೀಸಿ ಮೀನ ಹಿಡಿಯೋದು, ಹಿಡದು ಮತ್ತ ನೀರಿಗೇ ಬಿಡೋದು. ಮೊದಲ ಸಲ ಕೇಳಿದಾಗ ನಾ ಎಲ್ಲಿ ನಂಬತೀನಿ? ಲಿಂಗಪೂಜಿ ಮಾಡೋ ಮನಿಯಾಂವ, ಗುಟ್ಟಾಗಿ ತಿನ್ನತಿರಬೇಕು ಅಂತ ಅವನ ಚೀಲಾ ಮೂಸಿ ನೋಡಿದ್ದೆ. ಸಾಬೂನಿನ ವಾಸನಿ ಬಂತು.

ಹೋದ ವರ್ಷ ಮಾಸ್ತರಗ ಲಕ್ವಾ ಹೊಡೀತು. ನಡಿಗಿ ತಿರುಗಿ ಬಂತು, ಮಾತೂ ಬಂತು, ಬಲಗೈ ಮಾತ್ರ ಹೆಗಲಿನ ಮ್ಯಾಕ ಏಳವಲ್ದು. ಅದಕ್ಕ ಮುಂಚೆ ಕೋಲಿಗೆ ಹಚ್ಚೋ ದಾರ, ಅಂದ್ರ ಒಂದು ಹೊಸಾ ಲೈನು ತರಿಸಿಟ್ಟಿದ್ದ, ಒಮ್ಮಿನೂ ಬೀಸಿರಲಿಲ್ಲ. ಒಂದಿನ ನನ್ನ ಕರಸಿ, ಆ ಲೈನಿನ ದುಂಡನ ಡಬ್ಬಿ, ತನ್ನ ಕೋಲು, ರೀಲು ಎಲ್ಲಾ ನನ್ನ ತೊಡಿ ಮ್ಯಾಲೆ ಇಟ್ಟ.

"ನೀ ಕಲೀಲೇ ಸಾವ್ಕಾರ. ಇದು ಒಮ್ಮಿ ಹೊಳಿ ಮ್ಯಾಲೆ ಹಾರೋದು ನಾ ನೋಡಬೇಕು. ನನ್ನ ಕೈಲೆ ಅಂತೂ ಆಗಲಿಲ್ಲ."

ಅಷ್ಟೇ ಅವನ ಆಸಿ. ಆಮ್ಯಾಲೆ ಪಡಸಾಲ್ಯಾಗ ಕುಂತು ಪಾಠ ಶುರು ಮಾಡಿದ. ಬ್ಯಾರೆ ಗಾಳದಾಗ ಸೀಸದ ಗುಂಡು ದಾರಾನ ಎಳಕೊಂಡು ಹೋಗತೈತಿ, ಇದರಾಗ ಪುಕ್ಕಕ್ಕ ತೂಕಾನೇ ಇಲ್ಲ, ತೂಕೆಲ್ಲಾ ದಾರದಾಗೇ, ಅದೂ ಅದರ ಮುಂದಿನ ತುದಿ ಕಡೆ ಐತಿ, ಬೀಸೋದು ದಾರಾನ, ಪುಕ್ಕ ಅದರ ಬೆನ್ನು ಹತ್ತಿ ಹೋಗತೈತಿ ಅಂದ. ರೀಲಿಗೆ ಮೊದಲು ಒಂದು ಸಾದಾ ದಾರ ಸುತ್ತಬೇಕು. ಅದಕ್ಕ ಈ ದಪ್ಪ ಲೈನು ಕಟ್ಟಬೇಕು. ಲೈನಿನ ತುದಿಗೆ ನೀರಾಗ ಮೀನಿಗೆ ಕಾಣದಂಥಾ ಒಂಬತ್ತು ಅಡಿ ಸಣ್ಣ ದಾರ, ಅದರ ತುದಿಗೆ ನೊಣ. ಹೊಳಿಯಿಂದ ಬಂದ ಮ್ಯಾಲೆ ಲೈನನ್ನ ಉಗುರುಬೆಚ್ಚಗಿನ ನೀರಾಗ ಸಾಬೂನು ಹಾಕಿ ತೊಳದು ಮೆತ್ತನ ಅರಿಬಿಲೆ ಒರಸಬೇಕು, ಇಲ್ಲಂದ್ರ ಕೆಸರು ಹತ್ತಿ ಮುಳಗತೈತಿ. ಬಿಸಲಾಗ ಇಡಬಾರದು, ಕಲ್ಲಿನ ಮ್ಯಾಲೆ ಎಳೀಬಾರದು. ಇನ್ನೂ ಏನೇನೋ ಹೇಳಿದ. ನನ್ನ ಕಿವಿ ಅತ್ತ ಇರಲಿಲ್ಲ. ಡಬ್ಬಿ ಸೀಲು ಒಡದಿತ್ತು.

ಒಮ್ಮಿನೂ ಬೀಸದ ಲೈನಿನ ಸೀಲು ಹೆಂಗ ಒಡೀತು?

"ಕೊಡಿಲ್ಲೆ, ನಾನೇ ಸುತ್ತಿಕೊಡತೀನಿ" ಅಂದ. "ಬ್ಯಾಡೋ ಮಾರಾಯಾ, ಒಂದು ಕೈಯಾಗ ನಿನಗ್ಯಾಕ ತ್ರಾಸು" ಅಂತ ಸಕ್ಕರಿಯಂಥಾ ಮಾತಾಡಿ ಎದ್ದು ಬಂದೆ.

ಮರುದಿನ ಅಂಗಡ್ಯಾಗ ಬಟ್ಟಿ ಕತ್ತರಸೋ ಮೇಜಿನ ಮ್ಯಾಲೆ ಆ ಲೈನು ಬಿಚ್ಚಿದೆ. ಡಬ್ಬಿ ಮ್ಯಾಲೆ ಬರದದ್ದು ಲೆಕ್ಕ ಹಾಕಿದ್ರ ಮೂವತ್ತು ಗಜ ಬರಬೇಕು. ಹೊರಗಿನ ತುದಿಗೆ ಒಂದು ಸಣ್ಣ ಚೀಟಿ ಅಂಟಿತ್ತು, ಕಿತ್ತು ಒಗದೆ. ಗಜಕೋಲಿಗೆ ಹಿಡದು ಅಳಕೋತ, ಅಳದಷ್ಟನ್ನ ಒಂದು ಖಾಲಿ ಕೋನಿಗೆ ಸುತ್ತಕೋತ ಹೋದೆ. ಮೂವತ್ತು ಗಜ, ಮ್ಯಾಲೆ ನಾಕು ಬೆರಳು! ಖುಷಿ ಆಗಬೇಕಿತ್ತು, ಆಗಲಿಲ್ಲ. ಅಳತಿ ಸರಿ ಐತಿ ಅಂದ್ರ ಇನ್ನೊಂದೇನೋ ಐಬು ಇರಬೇಕು ಅನಿಸಿತು. ಕೋನಿನಿಂದ ಲೈನನ್ನ ರೀಲಿಗೆ ಸುತ್ತಿ ಮನಿಗೆ ಹೋದೆ.

ಕುರುಗೋಡಿನಾಗ ಗುಡ್ಡದ ಬುಡಕ ನಮ್ಮಣ್ಣನ ಹೊಲ ಐತಿ. ಒಂದು ತಿಂಗಳು, ಐತವಾರ ತಪ್ಪಿಲ್ಲದಂಗ, ಅಲ್ಲಿ ಹೋಗಿ ಬೀಸಿದೆ. ಹೆಂಗ ಬೀಸಿದ್ರೂ ಲೈನು ನಾಕು ಹೆಜ್ಜಿ ದಾಟವಲ್ದು, ಕಾಲ ಮುಂದ ಶಾವಿಗಿ ಬಿದ್ದಂಗ ಬೀಳತಿತ್ತು. ದಾರಿಗೆ ಹೋಗೋರು ಸುಮ್ಮನ ಹೋಗತಾರೇನು? "ಏನ್ರೀ ಸಾವ್ಕಾರ್ರ, ಇಲ್ಲೇನು ಓತಿಕ್ಯಾತ ಹಿಡೀತೀರಿ?" ಅಂತ ನಗತಿದ್ರು. ಮೈ ಉರೀತಿತ್ತು ನನಗ. ಅಣ್ಣ ಮಾತ್ರ "ಕೈ ಕುಂದರಬೇಕಪಾ, ಒಮ್ಮಿಗೇ ಬರತೈತೇನು" ಅಂದ.

ಆಮ್ಯಾಲೆ ಸಿರುಗುಪ್ಪಕ್ಕ ಹೋದೆ. ಮಾಸ್ತರ ಹೊಳಿ ದಂಡ್ಯಾಗ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಂತಿದ್ದ. ಮೂರು ಸಲ ಬೀಸಿದೆ. ಮೂರೂ ಸಲ ಕಾಲ ಮುಂದೇ ಬಿತ್ತು. ಅಂವ ಎದ್ದು ಬಂದು, ಎಡಗೈಲೆ ಲೈನು ಹಿಡದು, ಬೆರಳಾಗ ಒಂಚೂರು ತಿಕ್ಕಿ ನೋಡಿದ. ನನ್ನ ಮಾರಿ ನೋಡಿದ. ಲೈನು ಕೈ ಬಿಟ್ಟ.

"ಇವತ್ತು ಗಾಳಿ ಭಾಳ ಐತಿ, ಬಿಡಪಾ" ಅಂದ.

ಗಾಳಿ? ದಂಡಿ ಮ್ಯಾಲಿನ ಜಾಲಿಗಿಡದ ಒಂದು ಎಲಿನೂ ಅಲ್ಲಾಡತಿರಲಿಲ್ಲ! ಬಳ್ಳಾರಿ ಮುಟ್ಟೋತನಕ ನನ್ನ ತಲ್ಯಾಗ ಇದೇ ಕೊರೀತಿತ್ತು. ಇಂವ ಸುಳ್ಳು ಯಾಕ ಹೇಳಿದ? ಲೈನು ಮುಟ್ಟಿದ ಕೂಡಲೇ ಅವಂಗೇನೋ ಗೊತ್ತಾತು, ಅದನ್ನ ಮುಚ್ಚಿದ. ಸೀಲು ಒಡದಿತ್ತು. ಅಂದ್ರ ಹೊಸಾ ಲೈನು ತಕ್ಕೊಂಡು ತನ್ನ ಹಳೇದನ್ನ ಡಬ್ಬ್ಯಾಗ ತುಂಬಿಕೊಟ್ಟಾನ. ಕೈ ಬರದಾಂವಗ ಹೊಸಾ ಲೈನು ಯಾಕ ಬೇಕು ಅಂತ ನನ್ನ ನಾನು ಕೇಳಿಕೊಳ್ಳಲಿಲ್ಲ ನೋಡ್ರಿ. ಅನುಮಾನ ತಲಿಗೆ ಹತ್ತಿದಾಗ ಇಂಥಾ ಪ್ರಶ್ನಿ ಹೊಳಿಯಂಗಿಲ್ಲ.

ಫೋನ್ ಹಚ್ಚಿದೆ. "ಲೇ ಮಾಸ್ತರ, ಹಳೇ ಲೈನು ನನಗ ಅಂಟಿಸಿ ಹೊಸಾದು ಇಟ್ಕೊಂಡಿಯೇನು? ಖರೇ ಹೇಳು" ಅಂದೆ.

"ಹಂಗ ಅನಿಸಿದ್ರ ಹಂಗೇ ಇಟ್ಕಾಪಾ" ಅಂದು ಫೋನ್ ಇಟ್ಟ.

ಒಪ್ಪಿಕೊಂಡ ಅಂದ್ಕೊಂಡೆ! ಎರಡು ತಿಂಗಳು ನಾ ಅವಂಗ ಫೋನ್ ಮಾಡಲಿಲ್ಲ, ಅಂವನೂ ನನಗ ಮಾಡಲಿಲ್ಲ. ಕಡೀಕ, ಈ ಸಾಮಾನೆಲ್ಲಾ ಅವನ ಅಂಗಳದಾಗ ಇಟ್ಟು ಬರೋಣು ಅಂತ ತಯಾರಾದೆ. ಹೊಲದ ಮಣ್ಣು ಹತ್ತಿದ್ದ ಲೈನು ಕೊಟ್ರ, ನೀನೇ ಕೆಡಿಸಿದಿ ಅಂದಾನು ಅಂತ ಅದಕ್ಕೂ ಅನುಮಾನ ಬಂತು. ಬಕೀಟಿನಾಗ ಬೆಚ್ಚನ ನೀರು, ಸಾಬೂನು, ಒಂದು ಹಳೇ ಬನೇನು ತಗೊಂಡು ಹಿತ್ತಲದಾಗ ಕುಂತು, ಲೈನನ್ನ ಬೆರಳಾಗ ಹಿಡದು ಒರಸಕೋತ ರೀಲಿನಿಂದ ಪೂರಾ ಹೊರಗ ಎಳದೆ.

ಬಟ್ಟಿ ಹಿಡದು ಪಳಗಿದ ಬೆರಳು ಇವು, ಕಣ್ಣಿಗಿಂತ ಮೊದಲ ಇವಕ್ಕ ತಿಳೀತೈತಿ. ಲೈನು ಸಣ್ಣ ಇತ್ತು, ಎಷ್ಟು ಎಳದ್ರೂ ಸಣ್ಣಗೇ ಇತ್ತು. ರೀಲಿನ ಬುಡಕ್ಕ ಬಂದಾಗ ದಪ್ಪ ಆತು, ಭಾರ ಆತು. ಮುಂದ ಇರಬೇಕಾದ ತೂಕ ಹಿಂದ ಕುಂತಿತ್ತು. ಆವಾಗಲೂ ನನ್ನ ಹಾಳು ಬುದ್ಧಿ ಏನಂತು ಗೊತ್ತೇನು? ನೋಡು, ಉಲ್ಟಾ ಲೈನು ಕೊಟ್ಟಾನ ಅಂತು!

ಆಮ್ಯಾಲೆ ಅಂಗಡಿ ಕೋನಿನ ನೆನಪಾತು. ಡಬ್ಬಿಯಿಂದ ಸೀದಾ ರೀಲಿಗೆ ಸುತ್ತಿದ್ರ ಸರಿ ಇರತಿತ್ತು. ಅಳತಿ ಮಾಡಾಕ ನಡುವ ಕೋನಿಗೆ ಸುತ್ತಿದಾಂವ ನಾನು. ಹಂಗ ಸುತ್ತಿದ್ದಕ್ಕೇ ತುದಿ ಬುಡ ಆತು, ಬುಡ ತುದಿ ಆತು. ಕಿತ್ತು ಒಗದ ಚೀಟಿ, ಯಾವ ತುದಿ ರೀಲಿಗೆ ಬರಬೇಕು ಅಂತ ಹೇಳೋ ಚೀಟಿ. ಮೂವತ್ತು ವರ್ಷ ದಾರದ ವ್ಯಾಪಾರ ಮಾಡಿದಾಂವ ನಾನು, ಥೂ!

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಮಾಸ್ತರ ಹೊಳಿ ದಂಡ್ಯಾಗ ಬೆರಳು ಹಚ್ಚಿದ ಕೂಡಲೇ ತಿಳಕೊಂಡಿದ್ದ. ಲೈನು ಉಲ್ಟಾ ಆಗೈತಿ, ಅಂದ್ರ ತಾ ಕೊಟ್ಟದ್ದನ್ನ ಇಂವ ಪೂರಾ ಬಿಚ್ಚಿ ಅಳದಾನ ಅಂತ. ನನ್ನ ಮಾನ ಉಳಸಾಕ ಇಲ್ಲದ ಗಾಳಿ ಹೆಸರು ಹೇಳಿದ್ದ.

ಅವತ್ತೇ ಸಿರುಗುಪ್ಪಕ್ಕ ಓಡಿದೆ. ಬಾಗಲದಾಗ ನಿಂತೇ "ಉಲ್ಟಾ ಸುತ್ತಿದ್ದೆ" ಅಂದೆ.

"ಗೊತ್ತೈತಿ" ಅಂದ. "ಅಳದಿ?"

"ಹೂಂ. ತಪ್ಪಾತು ಮಾಸ್ತರ."

"ಸೀಲು ನಾನೇ ಒಡದಿದ್ದೆ. ದವಾಖಾನಿಯಿಂದ ಬಂದ ದಿನ, ಬಣ್ಣ ಹೆಂಗೈತಿ ನೋಡೋಣು ಅಂತ" ಅಂದು ಚಪ್ಪಲಿ ಮೆಟ್ಟಿಕೊಂಡ. "ನಡಿ, ಹೊಳಿಗೆ ಹೋಗೋಣು."

ದಂಡಿ ಮ್ಯಾಲೆ ಜಮಖಾನಿ ಹಾಸಿ ಲೈನೆಲ್ಲಾ ಬಿಚ್ಚಿದ್ವಿ, ತುದಿ ತಿರುವಿ ಮತ್ತ ಕಟ್ಟಿದ್ವಿ. ಗಂಟು ಹೆಂಗ ಹಾಕಬೇಕು ಅಂತ ಅಂವ ಹೇಳಿದ, ನಾ ಹಾಕಿದೆ. ಅಂವ ತೊಡಿ ನಡುವ ರೀಲು ಒತ್ತಿ ಹಿಡದ, ನಾ ಬಿಗಿಯಾಗಿ ಸುತ್ತಿದೆ. ಎದ್ದು ನಿಂತು ಬೀಸಿದೆ. ಹಿಂದಕ್ಕ ಹೋಗಿ ಬಿಚ್ಚಿಕೊಂಡ ಲೈನು ಮುಂದಕ್ಕ ಬಂದು, ನನ್ನ ತಲಿ ದಾಟಿ, ಹೊಳಿ ಮ್ಯಾಲೆ ನೆಟ್ಟಗ ಹೋತು. ಪುಕ್ಕ ಸದ್ದಿಲ್ಲದಂಗ ನೀರಿಗಿಳೀತು.

"ಹೋತಲೇ! ನೋಡು, ಹೋತು!" ಅಂತ ಮಾಸ್ತರ ಕೂಗಿದ. ಅವನ ಕಣ್ಣು ತುಂಬಿದ್ವು. ನನ್ನವೂ ತುಂಬಿದ್ವು, ಸುಳ್ಳ್ಯಾಕ ಹೇಳಲಿ. ಎಲ್ಲಾ ಸರಿ ಹೋತು ಅಂದ್ಕೊಂಡೆ.

ಹೊಲದಾಗ ಬೀಸಿ ಬೀಸಿ ತುದಿಯ ಸಣ್ಣ ದಾರ ಸವದಿತ್ತು. ಮನಿಗೆ ಬಂದ ಮ್ಯಾಲೆ ಮಾಸ್ತರ ಒಳಗ ಹೋಗಿ ಹೊಸಾದೊಂದು ತಂದ. ನಾ ಕೈ ಚಾಚಿದೆ. ಅಂವ ಕೊಡಲಿಲ್ಲ. ಅದರ ಒಂದು ತುದಿ ಕಿಟಕಿ ಸರಳಿಗೆ ಸಿಗಿಸಿ, ಕಪಾಟಿನಿಂದ ಡ್ರಾಯಿಂಗ್ ಕ್ಲಾಸಿನ ಮರದ ಅಡಿಪಟ್ಟಿ ತಗದು, ಸೋತ ಬಲಗೈಲೆ ದಾರ ಒತ್ತಿ ಹಿಡದು, ಒಂದು, ಎರಡು, ಮೂರು ಅಂತ ನನ್ನ ಕಣ್ಣ ಮುಂದ ಅಳೆಯಾಕ ಹತ್ತಿದ. ಅವನ ಮಾರಿ ಮ್ಯಾಲೆ ಸಿಟ್ಟಿರಲಿಲ್ಲ, ಚುಚ್ಚೋ ನಗಿನೂ ಇರಲಿಲ್ಲ. ಗಿರಾಕಿ ಬಂದಾಗ ನಾ ಹೆಂಗ ಅಳೀತೀನೋ ಹಂಗೇ ಅಳದ.

"ಒಂಬತ್ತು" ಅಂದು ನನ್ನ ಕಡೆ ತಿರುಗಿದ. "ಸರಿ ಐತಿಲ್ಲೋ, ನೋಡ್ಕೊಂಡ್ಯಾ?"

"ಸರಿ ಐತಿ" ಅಂದೆ. ಅವನ ಮಾರಿ ನೋಡಾಕ ಆಗಲಿಲ್ಲ ನನಗ.