ನಾನೂರ ಮೂವತ್ತು ಗಜ

ನಾನು ಬೇಟೆ ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಮಾಂಸಕ್ಕಾಗಿ. ಅಮೆರಿಕದ ಬಾಥೆಲ್‌ನಲ್ಲಿ ನಮ್ಮ ಪಕ್ಕದ ಮನೆಯ ಮುದುಕರೊಬ್ಬರು ಪ್ರತಿ ಅಕ್ಟೋಬರ್‌ನಲ್ಲಿ ಬೆಟ್ಟಸಾಲಿನ ಆಚೆ ಹೋಗಿ ಒಂದು ಜಿಂಕೆ ಹೊಡೆದು ತರುತ್ತಿದ್ದರು. ಯಾವುದೋ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದವರು. ಒಂದು ಸಲ ಬೇಲಿಯ ಆಚೆಯಿಂದ ಮಾಂಸದ ಪೊಟ್ಟಣ ಚಾಚಿದಾಗ ನಾನು ಸಂಕೋಚದಿಂದಲೇ, ನಾವು ದೇವರ ಹೆಸರು ಹೇಳಿ ಕೊಂದದ್ದನ್ನು ಮಾತ್ರ ತಿನ್ನುವವರು ಎಂದೆ. ಅವರಿಗೆ ಬೇಸರವಾಗಲಿಲ್ಲ. ‘ಹಾಗಾದರೆ ನೀನೇ ಬಂದು ಹೊಡಿ. ಏನು ಹೇಳಬೇಕೋ ಅದನ್ನ ಹೇಳಿಯೇ ಹೊಡಿ’ ಎಂದರು ಇಂಗ್ಲಿಷಿನಲ್ಲಿ.

ಮಸೀದಿಯ ಗುರುಗಳನ್ನು ಕೇಳಿದೆ. ಹೆಸರು ಹೇಳಿ ಈಡು ಹೊಡೆದು, ಪ್ರಾಣಿ ಆ ಗಾಯದಿಂದಲೇ ಸತ್ತರೆ ತಿನ್ನಬಹುದು ಎಂದರು. ‘ಆದರೆ ಹೊಡೆದ ಮೇಲೆ ಅದನ್ನ ಹುಡುಕೋದು ನಿಮ್ಮ ಜವಾಬ್ದಾರಿ’ ಎಂದೂ ಸೇರಿಸಿದರು. ಆಗ ಆ ಮಾತು ನನಗೆ ಹೇಳದೆಯೂ ತಿಳಿಯುವಂಥದ್ದು ಅನ್ನಿಸಿತ್ತು.

ಹುಟ್ಟಿ ಬೆಳೆದ ಮೈಸೂರಿನಲ್ಲಿ ನಾನು ಕೋವಿ ಕಂಡದ್ದು ಬ್ಯಾಂಕಿನ ಬಾಗಿಲಲ್ಲಿ ಕೂತ ಕಾವಲುಗಾರನ ತೊಡೆಯ ಮೇಲೆ ಮಾತ್ರ. ಒಬ್ಬನೇ ಹೋಗಲು ಅಳುಕಿ ಆಫೀಸಿನ ಗೆಳೆಯನನ್ನು ಜೊತೆಗೆ ಕರೆದೆ. ಕ್ಯಾನ್ಯನ್ ಪಾರ್ಕ್‌ನ ಆಫೀಸಿನಲ್ಲಿ ಎಂಟು ವರ್ಷದಿಂದ ನಾವಿಬ್ಬರೂ ಒಂದೇ ಮಹಡಿಯಲ್ಲಿದ್ದೆವು. ಬೆಂಗಳೂರಿನವನು, ಮಾಂಸದೂಟವೆಂದರೆ ಪ್ರಾಣ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನನ್ನ ಮನೆಯ ಪಲಾವ್ ಅವನಿಗೆ, ಅವನ ಮನೆಯ ಮುದ್ದೆ ನನಗೆ. ಇಬ್ಬರೂ ಬೇಟೆಯ ಸುರಕ್ಷತೆಯ ಕೋರ್ಸ್ ಮುಗಿಸಿ ಲೈಸೆನ್ಸ್ ಪಡೆದೆವು.

ಮುದುಕರು ನನಗೆ ತಮ್ಮ ಹಳೆಯ ರೈಫಲ್ ಕೊಟ್ಟರು. ಅವರ ತಂದೆಯ ಕಾಲದ ಮಾದರಿಯ ತೋಟಾ ಹಾಕುವಂಥದ್ದು. ಗೆಳೆಯ ಮಾತ್ರ ಮೂರು ತಿಂಗಳು ಓದಿ, ವಿಡಿಯೋ ನೋಡಿ, ಬೇಟೆಗಾರರ ಆನ್‌ಲೈನ್ ಗುಂಪುಗಳಲ್ಲಿ ಮುಳುಗಿ, ಕೊನೆಗೆ ಏಳು ಮಿಲಿಮೀಟರಿನ ಮ್ಯಾಗ್ನಮ್ ರೈಫಲ್ ಕೊಂಡ, ಹೆಚ್ಚು ಮದ್ದಿನ, ಅತಿವೇಗದ ತೋಟಾ ಹಾಕುವಂಥದ್ದು. ದಿನಕ್ಕೆ ಎರಡು ಲಿಂಕ್ ನನಗೂ ಬರುತ್ತಿದ್ದವು.

‘ನೋಡೋ, ಬೇರೆ ಗುಂಡು ದೂರ ಹೋದಷ್ಟೂ ಕೆಳಗೆ ಬಾಗುತ್ತೆ. ಇದು ಎಷ್ಟು ಸ್ಪೀಡ್ ಅಂದ್ರೆ, ದಾರ ಎಳ್ದಂಗೆ ನೇರ ಹೋಗುತ್ತೆ. ಲೆಕ್ಕ ಹಾಕೋ ತಲೆನೋವೇ ಇಲ್ಲ.’

ಹತ್ತಿರದ ಇಸ್ಸಾಕ್ವಾ ಊರಿನ ಬೆಟ್ಟದ ಬುಡದಲ್ಲಿ ಗುರಿ ಅಭ್ಯಾಸದ ಜಾಗವಿತ್ತು. ಬೇಸಿಗೆಯುದ್ದಕ್ಕೂ ಶನಿವಾರ ಅಲ್ಲಿಗೆ ಹೋದೆವು. ಅವನ ರೈಫಲ್ ಕಂಡರೆ ಸಾಕು, ಅಕ್ಕಪಕ್ಕದವರು ತಮ್ಮ ಅಭಿಪ್ರಾಯ ಹೊತ್ತು ಬರುತ್ತಿದ್ದರು. ಒಬ್ಬ ಅದೇ ತೋಟಾದಿಂದ ಎಲ್ಕ್ ಎಂಬ ದೊಡ್ಡ ಜಿಂಕೆ ಹತ್ತು ಕೆಡವಿದ್ದಾಗಿ ಹೇಳಿದ. ಇನ್ನೊಬ್ಬ, ಭುಜಕ್ಕೆ ಒದೆಯುವ ಕೋವಿಗೆ ಮನುಷ್ಯ ಹೆದರುತ್ತಾನೆ, ಹೆದರಿದವನು ಬೆರಳಡಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ ಎಂದ. ನಳಿಗೆ ಬೇಗ ಸವೆಯುತ್ತದೆ ಎಂದವನೊಬ್ಬ, ಹತ್ತಿರದಿಂದ ಹೊಡೆದರೆ ಮಾಂಸ ಕಿಚಡಿಯಾಗುತ್ತದೆ ಎಂದವನು ಮತ್ತೊಬ್ಬ. ಗೆಳೆಯ ಎಲ್ಲರಿಗೂ ಉತ್ತರ ಕೊಡುತ್ತಿದ್ದ. ನನಗೂ ಆ ವಾದಗಳು ಹಿಡಿಸತೊಡಗಿದ್ದವು. ಬೇಟೆಗೆ ಹೋಗುವ ಮೊದಲೇ ಬೇಟೆಗಾರನಾದ ಸುಖ ಅದರಲ್ಲಿತ್ತು.

ಮುದುಕರು ಒಂದೇ ಸಲ ಬಾಯಿ ಬಿಟ್ಟರು. ‘ತೋಟಾ ಒಳ್ಳೆಯದೇ. ಆದರೆ ಹತ್ತಿರ ಹೋಗೋಕೆ ಸೋಮಾರಿತನ ಇರುವವರೂ ಇದನ್ನೇ ಕೊಳ್ಳುತ್ತಾರೆ.’ ಆಮೇಲೆ ನನ್ನ ಕಡೆ ತಿರುಗಿ, ‘ನೀನು ಇನ್ನೂರು ಗಜಕ್ಕಿಂತ ದೂರ ಹೊಡೆಯಬೇಡ’ ಎಂದರು.

ಅಕ್ಟೋಬರ್‌ನಲ್ಲಿ ಮೂವರೂ ಬೆಟ್ಟಸಾಲು ದಾಟಿ ಪೂರ್ವಕ್ಕೆ ಹೋದೆವು. ಆಚೆ ಬದಿ ಒಣ ನಾಡು. ಬೂದು ಬಣ್ಣದ ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಪೈನ್ ಮರ. ಎರಡನೆಯ ದಿನ ಗೆಳೆಯನಿಗೆ ದೊಡ್ಡ ಕಿವಿಯ ಗಂಡು ಜಿಂಕೆ ಸಿಕ್ಕಿತು. ನೂರೈವತ್ತು ಗಜದಿಂದ ಹೊಡೆದ, ನಿಂತಲ್ಲೇ ಬಿತ್ತು. ಸುಲಿದಾಗ ಒಂದು ಮುಂಗಾಲಿನ ಮೇಲ್ಭಾಗವೆಲ್ಲ ಹೆಪ್ಪುಗಟ್ಟಿದ ರಕ್ತದ ಮುದ್ದೆ. ಮುದುಕರು ಅದನ್ನು ಕೊಯ್ದು ಬದಿಗಿಟ್ಟರು. ಗೆಳೆಯ ಅದನ್ನು ಬಿಟ್ಟು ಉಳಿದದ್ದರ ಫೋಟೋ ತೆಗೆದ.

ಮೂರನೆಯ ದಿನ ಮುದುಕರು ಮಂಡಿನೋವಿನಿಂದ ಕೆಳಗಿನ ಹಾದಿ ಹಿಡಿದರು. ನಾವಿಬ್ಬರು ಮೇಲಿನ ದಿಣ್ಣೆಯಲ್ಲಿ ಕೂತೆವು. ಮಧ್ಯಾಹ್ನ ಮೂರರ ಹೊತ್ತಿಗೆ ಕಣಿವೆಯ ಆಚೆ ಇಳಿಜಾರಿನಲ್ಲಿ ಕೊಂಬಿನ ಗಂಡೊಂದು ಹೊರಬಂದು ಮೇಯತೊಡಗಿತು. ಗೆಳೆಯ ದೂರ ಅಳೆಯುವ ದುರ್ಬೀನು ಕಣ್ಣಿಗಿಟ್ಟ.

‘ನಾನೂರ ಮೂವತ್ತು.’

‘ಕೆಳಗೆ ಇಳಿದು ಹತ್ತಿರ ಹೋಗೋಣ್ವಾ?’

‘ಇಳಿಯೋಷ್ಟ್ರಲ್ಲಿ ಅದು ಹೊರಟೋಗಿರುತ್ತೆ. ನಂದು ತಗೋ. ಬೆನ್ನಿನ ಗೆರೆ ಮೇಲೆ ಗುರಿ ಇಡು, ಅಷ್ಟೇ.’

ಅವನ ರೈಫಲ್ಲನ್ನು ಚೀಲದ ಮೇಲೆ ಒರಗಿಸಿ ಮಲಗಿದೆ. ಕಣಿವೆಯಲ್ಲಿ ಗಾಳಿ ಅಡ್ಡಡ್ಡವಾಗಿ ಬೀಸುತ್ತಿತ್ತು. ಹುಲ್ಲು ಓಲಾಡುವುದು ಕಾಣುತ್ತಿತ್ತು. ಇನ್ನೂರು ಗಜದಾಚೆ ನಾನು ಅಭ್ಯಾಸವನ್ನೂ ಮಾಡಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬಿಸ್ಮಿಲ್ಲಾ ಎಂದೆ, ಕುದುರೆ ಎಳೆದೆ.

ಭುಜ ಜುಮ್ಮೆಂದಿತು. ಒಂದು ಕ್ಷಣ ಬಿಟ್ಟು ಆಚೆಯಿಂದ, ಒದ್ದೆ ಮೂಟೆಗೆ ಕೋಲಿನಿಂದ ಬಡಿದಂಥ ಸದ್ದು ಬಂತು. ದುರ್ಬೀನಿನಲ್ಲಿ ನೋಡಿದರೆ ಜಿಂಕೆ ಬೆನ್ನು ಗೂನು ಮಾಡಿಕೊಂಡು ನಿಂತಿತ್ತು. ಓಡಲಿಲ್ಲ. ಮೆಲ್ಲಗೆ ನಡೆದು ತೊರೆಯ ಬದಿಯ ಪೊದೆಯೊಳಗೆ ಹೋಯಿತು.

‘ಬಿತ್ತು ಕಣೋ ಏಟು’ ಎಂದೆ.

‘ಇಲ್ಲ ಕಣೋ, ಮಿಸ್ ಆಯ್ತು. ಕೆಳಗೆ ಧೂಳು ಎದ್ದಿದ್ದು ನಾನು ನೋಡ್ದೆ.’

‘ಸದ್ದು ಕೇಳಿಸ್ತಲ್ಲೋ.’

‘ಗುಂಡು ಮಣ್ಣಿಗೆ ಹೊಡೆದ್ರೂ ಹಂಗೇ ಕೇಳ್ಸುತ್ತೆ. ಏಟು ಬಿದ್ದಿದ್ರೆ ಇದರ ಸ್ಪೀಡಿಗೆ ಅಲ್ಲೇ ಬೀಳ್ತಿತ್ತು.’

‘ಹೋಗಿ ನೋಡೋಣ ಬಾರೋ.’

ಅವನು ಕಣಿವೆಯನ್ನು ನೋಡಿದ. ನಾನೂ ನೋಡಿದೆ. ಇಳಿಯಲು ಒಂದು ಗಂಟೆ, ಹತ್ತಲು ಇನ್ನೊಂದು. ಬೆಳಗಿನಿಂದ ಒಂದೊಂದು ಬಾಳೆಹಣ್ಣು ಮಾತ್ರ ತಿಂದಿದ್ದೆವು. ‘ಮಿಸ್ ಆಗಿರೋದನ್ನ ಏನು ನೋಡ್ತೀಯ’ ಎಂದು ಅವನು ಚೀಲ ಹೆಗಲಿಗೇರಿಸಿದ. ನಾನು ಮತ್ತೆ ಒತ್ತಾಯಿಸಲಿಲ್ಲ. ನಿಜ ಹೇಳಬೇಕೆಂದರೆ, ಅವನ ಮಾತು ನಂಬಲು ನನಗೆ ಅನುಕೂಲವಾಗಿತ್ತು.

ಬಿಡಾರಕ್ಕೆ ಮರಳಿದಾಗ ಮುದುಕರು ಕಾಫಿ ಕಾಯಿಸುತ್ತಿದ್ದರು. ಈಡಿನ ಸದ್ದು ಕೇಳಿಸಿತು ಎಂದರು. ಮಿಸ್ ಆಯಿತು ಎಂದ ಗೆಳೆಯ.

‘ಹೋಗಿ ನೋಡಿದಿರಾ?’

ಗೆಳೆಯ ನನ್ನ ಮುಖ ನೋಡಿದ. ‘ನೋಡಿದ್ವಿ’ ಎಂದೆ ನಾನು.

ಮರುದಿನ ಬೆಳಗ್ಗೆ ಆ ತೊರೆಯ ಮೇಲೆ ಕಾಗೆಗಳು ಸುತ್ತುತ್ತಿದ್ದವು. ಮುದುಕರು ಸ್ವಲ್ಪ ಹೊತ್ತು ನಿಂತು ನೋಡಿ, ಕೋಲು ತೆಗೆದುಕೊಂಡು ಇಳಿಯತೊಡಗಿದರು. ಬನ್ನಿ ಎನ್ನಲಿಲ್ಲ. ನಾವೇ ಹಿಂದೆ ಹೋದೆವು. ಮಂಡಿ ಹಿಡಿದಲ್ಲೆಲ್ಲ ನಿಂತು ನಿಂತು ಇಳಿದರು.

ಪೊದೆಯೊಳಗೆ ಮೂರು ಕಡೆ ಹುಲ್ಲು ಅದುಮಿಹೋಗಿತ್ತು. ಮೂರು ಕಡೆಯೂ ಕಪ್ಪಾದ ರಕ್ತ. ಅಂದರೆ ಅದು ಮಲಗಿ, ಎದ್ದು, ಮತ್ತೆ ಮಲಗಿ, ಮತ್ತೆ ಎದ್ದಿತ್ತು. ನೀರಿನ ಅಂಚಿನಲ್ಲಿ ಸತ್ತು ಬಿದ್ದಿತ್ತು. ಗುಂಡು ಎದೆಯಿಂದ ಬಹಳ ಹಿಂದೆ, ಹೊಟ್ಟೆಗೆ ಬಿದ್ದಿತ್ತು. ಮುದುಕರು ಮಂಡಿಯೂರಿ ಹೊಟ್ಟೆ ಸೀಳಿದರು. ನಾತಕ್ಕೆ ಗೆಳೆಯ ಮುಖ ತಿರುಗಿಸಿಕೊಂಡ. ಮಾಂಸವೆಲ್ಲ ಕೆಟ್ಟಿತ್ತು.

‘ಯಾರ ಏಟಿದು?’ ಎಂದು ಕೇಳಿದರು.

ಗೆಳೆಯ ತನ್ನ ಬೂಟಿನ ಮಣ್ಣು ಕೆರೆಯುತ್ತಿದ್ದ. ‘ನನ್ನದು’ ಎಂದೆ.

‘ನೋಡಿದ್ವಿ ಅಂದೆ ನೀನು.’

ಮುದುಕರು ನನ್ನ ಜೇಬಿನಿಂದ ಲೈಸೆನ್ಸಿನ ಟ್ಯಾಗ್ ತೆಗೆಸಿ, ಅದನ್ನು ಆ ಕೊಂಬಿಗೆ ನನ್ನ ಕೈಯಿಂದಲೇ ಕಟ್ಟಿಸಿದರು. ಲೈಸೆನ್ಸಿಗೆ ಒಂದೇ ಜಿಂಕೆ, ಆ ವರ್ಷಕ್ಕೆ ನನ್ನ ಪಾಲಿನದು ಅದು. ಬೇಟೆ ಇಲಾಖೆಗೆ ಫೋನ್ ಮಾಡಿ ನಡೆದದ್ದನ್ನು ಹೇಳು ಎಂದರು, ಹೇಳಿದೆ.

ವಾಪಸ್ ಬರುವಾಗ ಗೆಳೆಯ ದಾರಿಯುದ್ದಕ್ಕೂ ತೋಟಾದ ಬಗ್ಗೆಯೇ ಮಾತಾಡಿದ. ಗುಂಡಿನ ಹೊದಿಕೆ ತೆಳುವಾಯಿತೇನೋ, ಇನ್ನಷ್ಟು ಭಾರದ್ದಿದ್ದರೆ ಗಾಳಿಗೆ ಅಷ್ಟು ಸರಿಯುತ್ತಿರಲಿಲ್ಲವೇನೋ. ಮುದುಕರು ಗಾಡಿ ಓಡಿಸುತ್ತಲೇ ರೇಡಿಯೋದ ಸದ್ದು ಹೆಚ್ಚಿಸಿದರು. ಮನೆ ತಲುಪಿದ ಮೇಲೆ ಅವರ ಹಳೆಯ ರೈಫಲ್ ಮರಳಿಸಲು ಹೋದೆ. ಇಟ್ಟುಕೋ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ ಎನ್ನಬಹುದೆಂದು ಒಳಗೊಳಗೇ ಕಾದೆ. ಅವರು ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಮೂರು ವಾರದ ನಂತರ, ಗೆಳೆಯನೇ ಹಿಂದೆ ತೋರಿಸಿದ್ದ ಬೇಟೆಗಾರರ ಗುಂಪಿನಲ್ಲಿ ಅವನ ಬರಹ ಕಣ್ಣಿಗೆ ಬಿತ್ತು. ತನ್ನ ಜಿಂಕೆಯ ಫೋಟೋ ಹಾಕಿ ತೋಟಾವನ್ನು ಹೊಗಳಿದ್ದ. ಕೊನೆಯಲ್ಲಿ, ಹೊಸಬ ಗೆಳೆಯನೊಬ್ಬ ಇದೇ ರೈಫಲ್ಲಿನಿಂದ ಗಾಳಿ ಲೆಕ್ಕಿಸದೆ ಹೊಡೆದು ಪ್ರಾಣಿಯನ್ನು ಹಾಳು ಮಾಡಿದ, ಅದರಲ್ಲಿ ತೋಟಾದ ತಪ್ಪಿಲ್ಲ ಎಂದು ಸೇರಿಸಿದ್ದ. ಕೆಳಗೆ ಉದ್ದುದ್ದ ಚರ್ಚೆ. ವೇಗ ಹೆಚ್ಚಾಯಿತು ಎಂದು ಕೆಲವರು, ಸಾಲದು ಎಂದು ಕೆಲವರು. ನಾನು ಖಾತೆ ತೆರೆದು ಒಂದೇ ಸಾಲು ಬರೆದೆ: ‘ಆ ಹೊಸಬ ನಾನೇ. ಹೊಡೆದ ಮೇಲೆ ನಾವಿಬ್ಬರೂ ಹೋಗಿ ನೋಡಲಿಲ್ಲ.’ ಅದಕ್ಕೆ ಬಂದದ್ದು ಒಂದೇ ಒಂದು ಉತ್ತರ. ಗುಂಡಿನ ತೂಕ ಎಷ್ಟಿತ್ತು ಎಂದು ಯಾರೋ ಕೇಳಿದ್ದರು.

ಮರುದಿನ ಆಫೀಸಿನ ಪಾರ್ಕಿಂಗ್‌ನಲ್ಲಿ ಗೆಳೆಯ ಅಡ್ಡ ಬಂದ.

‘ಅದನ್ನ ಅಲ್ಲಿ ಯಾಕೆ ಬರೆಯೋಕೆ ಹೋದೆ?’

‘ನೀನು ನನ್ನ ಬಗ್ಗೆ ಬರೆದೆಯಲ್ಲ.’

‘ಹೆಸರು ಹಾಕಿಲ್ವಲ್ಲೋ.’

‘ಹೋಗಿ ನೋಡೋಣ ಅಂದಿದ್ದೆ ನಾನು.’

‘ಒಂದ್ಸಲ ಅಂದೆ. ನಾನೇನು ನಿನ್ನ ಕಟ್ಟಿ ಹಾಕಿದ್ನಾ? ಹೋಗ್ಬೇಕು ಅಂತಿದ್ರೆ ನೀನೇ ಹೋಗ್ಬಹುದಿತ್ತು. ಅವರ ಹತ್ರ “ನೋಡಿದ್ವಿ” ಅಂದಿದ್ದೂ ನೀನೇ.’

ಅವನ ಮೇಲೆ ಆಗ ಹುಟ್ಟಿದ ದ್ವೇಷ ಇವತ್ತಿಗೂ ಹೋಗಿಲ್ಲ. ಅವನ ಮಾತು ಸುಳ್ಳಾಗಿದ್ದರೆ ಇಷ್ಟರಲ್ಲಿ ಮರೆತಿರುತ್ತಿದ್ದೆ. ಈಗ ಮಧ್ಯಾಹ್ನ ಅವನು ಬೇರೆಯವರ ಜೊತೆ ಕೂರುತ್ತಾನೆ. ಲಿಫ್ಟಿನಲ್ಲಿ ಸಿಕ್ಕರೆ ಟ್ರಾಫಿಕ್ಕಿನ ಬಗ್ಗೆ ಒಂದು ಮಾತು. ಇನ್ನೂ ವೇಗದ ಹೊಸ ತೋಟಾದ ರೈಫಲ್ ಕೊಂಡಿದ್ದಾನಂತೆ, ಯಾರೋ ಹೇಳಿದರು.

ಮನೆಯಲ್ಲಿ ನಾನು ಏನೂ ಸಿಗಲಿಲ್ಲ ಎಂದಷ್ಟೇ ಹೇಳಿದ್ದೆ. ಚಳಿಗಾಲದ ಒಂದು ಭಾನುವಾರ ಊಟಕ್ಕೆ ಕೂತಾಗ, ಮುಂದಿನ ವರ್ಷವೂ ಹೋಗುತ್ತೀರಾ ಎಂದು ಹೆಂಡತಿ ಕೇಳಿದಳು. ಹೋಗುವುದಿಲ್ಲ ಎಂದೆ. ಯಾಕೆ ಎಂದಳು. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ತಟ್ಟೆಯನ್ನು ಬದಿಗೆ ಸರಿಸಿದಳು. ‘ದೇವರ ಹೆಸರು ಹೇಳಿ ಹೊಡೆದು, ಬಿಟ್ಟು ಬಂದ್ರಾ’ ಎಂದು ಮೆಲ್ಲಗೆ ಕೇಳಿ, ಎದ್ದು ಒಳಗೆ ಹೋದಳು.

ಹನ್ನೆರಡರ ಮಗಳು ಎದುರಿಗೇ ಕೂತಿದ್ದಳು. ನಮ್ಮ ಮಾತೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. ಗುಂಡಿನ ವೇಗ, ಗಾಳಿ, ದೂರ ಎಂದು ನಾನು ಅವಳಿಗೆ ವಿವರಿಸಲು ಹೊರಟೆ. ಅವಳು ನಡುವೆಯೇ ತಡೆದು, ‘ಅಬ್ಬಾ’ ಎಂದು ನನ್ನನ್ನು ಕರೆದು, ನೀವು ಸುಮ್ಮನೆ ಹೋಗಿ ನೋಡಬಹುದಿತ್ತಲ್ಲ, ಯಾಕೆ ಹೋಗಲಿಲ್ಲ ಎಂದಳು.

ಕಣಿವೆ ಆಳವಿತ್ತು, ಹಸಿವಾಗಿತ್ತು ಎಂದೆ.